ಆರು ಪಾಲು, ಒಂದು ಬೀಗ: ದಾವಣಗೆರೆ ಹಳೇಪೇಟೆಯ ಒಂದು ಮಾಳಿಗೆ ಮನೆ

ಈ ಮನೆ ಇರುವುದು ದಾವಣಗೆರೆಯ ಹಳೇಪೇಟೆಯಲ್ಲಿ. ಚೌಕಿಪೇಟೆ ಕಡೆಯಿಂದ ಒಳಗೆ ನುಗ್ಗಿದರೆ ಸಿಗುವ ಗಲ್ಲಿಗಳಲ್ಲಿ ಒಂದು. ಎರಡು ಬೈಕು ಎದುರುಬದುರು ಬಂದರೆ ಒಬ್ಬರು ಕಾಲೂರಿ ನಿಲ್ಲಬೇಕು, ಅಷ್ಟೇ ಅಗಲ. ಮನೆ ಯಾರದ್ದು ಅಂತ ಇಲ್ಲಿ ಹೇಳುವುದಿಲ್ಲ. ಅವರ ಪಾಲಿನ ದಾವೆ ಇನ್ನೂ ಕೋರ್ಟಿನಲ್ಲಿದೆ. ಈ ಬರಹಕ್ಕೆ ಅವರ ಹೆಸರು ಬೇಕಾಗಿಯೂ ಇಲ್ಲ.

ಬರೆಯಲು ಕಾರಣ ಒಂದೇ. ಇಂಥ ಮನೆ ಬೀಳುವ ಹಾಗಾದಾಗ ಎಲ್ಲರೂ ಮೊದಲು ಕೇಳುವುದು "ಮನೆ ಯಾರದ್ದು?" ಅಂತ. ಅದಕ್ಕೆ ಉತ್ತರ ಸಿಗುವಷ್ಟರಲ್ಲಿ ಗೋಡೆ ಬೀದಿಗೆ ಬಂದಿರುತ್ತದೆ. ನಾವು ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಕೆಲಸ ಮಾಡಿದೆವು. ಅದು ಹೇಗೆ ಸಾಧ್ಯವಾಯಿತು ಅನ್ನುವುದು ಬೇರೆ ಗಲ್ಲಿಯವರಿಗೂ ಬೇಕಾಗಬಹುದು ಅಂತ ನನಗೆ ಅನಿಸಿದೆ.

ನಾನು ಸಿವಿಲ್ ಇಂಜಿನಿಯರ್. ಹೊಸ ಮನೆಗಳ ಪ್ಲಾನು, ಎಸ್ಟಿಮೇಟು ನನ್ನ ದಿನನಿತ್ಯದ ಕೆಲಸ. ಈ ಹಳೇ ಮನೆಯ ಮುಂದೆ ನನ್ನನ್ನು ತಂದು ನಿಲ್ಲಿಸಿದವರು ಪಕ್ಕದ ಮನೆಯ ಅಕ್ಕ. ಅವರು ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮೆಷಿನ್ ಇರುವುದು ಪಾಳು ಮನೆಯ ಜೊತೆಗಿನ ಜಂಟಿ ಗೋಡೆಯ ಪಕ್ಕದಲ್ಲೇ.

"ಗೋಡೆ ಬೆವರ್ತೈತಿ ಸರ್. ಹೊಲಿದ ಬಟ್ಟೆ ಇಟ್ರೆ ಎರಡೇ ದಿನಕ್ಕ ಬೂಷ್ಟು ಹಿಡೀತೈತಿ. ಒಂದ್ಸಲ ಬಂದು ನೋಡ್ರಿ" ಅಂದರು.

ಹೋಗಿ ನೋಡಿದೆ. ನೆಲದಿಂದ ನನ್ನ ಎದೆಯ ಮಟ್ಟದವರೆಗೆ ಗೋಡೆ ಒದ್ದೆ. ಬೆರಳಿಂದ ಒತ್ತಿದರೆ ಗಾರೆ ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದೆ ಮೆತ್ತನೆ ಮಣ್ಣು. ಹೊರಗೆ ಬಂದು ಪಾಳು ಮನೆಯ ಮುಂಗೋಡೆಗೆ ದಾರದ ಗುಂಡು ಇಳಿಬಿಟ್ಟೆವು. ಹತ್ತಡಿ ಎತ್ತರದಲ್ಲಿ ಗೋಡೆ ನಾಲ್ಕು ಇಂಚು ರಸ್ತೆ ಕಡೆ ವಾಲಿತ್ತು. ಅದರ ಮೇಲೆ ಪ್ಯಾರಾಪೆಟ್. ಪ್ಯಾರಾಪೆಟ್ ಸಂದಿನಲ್ಲಿ ಮೊಣಕೈ ದಪ್ಪದ ಅರಳಿ ಗಿಡ. ಬೆಳಗ್ಗೆ ಎಂಟೂವರೆಗೆ ಶಾಲೆಗೆ ಹೋಗುವ ಮಕ್ಕಳು ಅದರ ಕೆಳಗೇ ನಡೆದು ಹೋಗುತ್ತಾರೆ.

ಮನೆ ಹೇಗೆ ಹಾಳಾಯಿತು

ಮಾಳಿಗೆ ಮನೆ ಅಂದರೆ ಏನು ಅಂತ ಈಗಿನವರಿಗೆ ಸ್ವಲ್ಪ ಹೇಳಲೇಬೇಕು. ಗೋಡೆ ಮಣ್ಣಿನದು, ಎರಡಡಿ ದಪ್ಪ. ಮೇಲೆ ತೊಲೆ. ತೊಲೆ ಮೇಲೆ ಜಂತೆ, ಅಂದರೆ ಅಡ್ಡ ಜೋಡಿಸಿದ ಸಣ್ಣ ಮರಗಳು. ಜಂತೆ ಮೇಲೆ ಕಟ್ಟಿಗೆಯ ಹಾಸು, ಸೊಪ್ಪು. ಅದರ ಮೇಲೆ ಸುಮಾರು ಒಂದಡಿ ಮಣ್ಣು. ಎಲ್ಲದರ ಮೇಲೆ ಕರಲು ಮಣ್ಣಿನ ಒಂದು ಪದರ. ಕರಲು ಮಣ್ಣಿಗೆ ಒಂದು ಗುಣ ಇದೆ. ನೀರು ಬಿದ್ದ ಕೂಡಲೇ ಅದು ಕದಡಿಕೊಂಡು ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆಮೇಲೆ ನೀರು ಕೆಳಗೆ ಇಳಿಯುವುದಿಲ್ಲ, ಇಳಿಜಾರು ಹಿಡಿದು ಹೊರಗೆ ಹೋಗುತ್ತದೆ. ಆದರೆ ಆ ಪದರ ಒಂದೆರಡು ಮಳೆಗಾಲಕ್ಕೆ ಕೊಚ್ಚಿ ಹೋಗುತ್ತದೆ. ಅದಕ್ಕೇ ಮುಂಗಾರಿಗೆ ಮುಂಚೆ ಪ್ರತಿ ವರ್ಷ ಹೊಸ ಕರಲು ತಂದು ಹಾಕಿ ಬಡಿಯುತ್ತಿದ್ದರು. ನಮ್ಮ ಅಜ್ಜಿ ಮನೆಯಲ್ಲಿ ಆ ಕೆಲಸಕ್ಕೆ ನಾವು ಮಕ್ಕಳೆಲ್ಲ ಬುಟ್ಟಿ ಹೊತ್ತಿದ್ದೇವೆ.

ಈ ಮನೆಯ ಮಾಳಿಗೆಗೆ 14 ವರ್ಷದಿಂದ ಯಾರೂ ಒಂದು ಬುಟ್ಟಿ ಕರಲು ಹಾಕಿಲ್ಲ.

ಈಗ ಭಾರದ ಲೆಕ್ಕ ನೋಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಒಂದಡಿ ಮಣ್ಣು ಅಂದರೆ ನೂರು ಘನ ಅಡಿ. ಒಣಗಿದ್ದಾಗಲೇ ಅದರ ತೂಕ ಹತ್ತಿರ ಹತ್ತಿರ 5 ಟನ್. ಚೆನ್ನಾಗಿ ನೆನೆದರೆ ಇನ್ನೂ ಮುಕ್ಕಾಲು ಟನ್ನಿನಷ್ಟು ಜಾಸ್ತಿ. ಅಷ್ಟು ಹೊರಬೇಕಾದ ತೊಲೆಗಳು ಅದೇ ನೀರಿಗೆ ಕೊಳೆಯುತ್ತಿರುತ್ತವೆ, ಗೋಡೆಯೊಳಗೆ ಕೂತ ತುದಿಗಳಿಗೆ ಗೆದ್ದಲು ಹಿಡಿದಿರುತ್ತದೆ. ಒಂದು ಕಡೆ ಭಾರ ಏರುತ್ತದೆ, ಇನ್ನೊಂದು ಕಡೆ ಹೊರುವ ಶಕ್ತಿ ಇಳಿಯುತ್ತದೆ. ಮಾಳಿಗೆ ಮನೆಗಳು ಮಳೆ ಜೋರಾಗಿ ಬೀಳುವಾಗಲೇ ಕುಸಿಯಬೇಕು ಅಂತೇನೂ ಇಲ್ಲ. ಎಷ್ಟೋ ಸಲ ಮಳೆ ನಿಂತು ಒಂದೆರಡು ದಿನ ಆದ ಮೇಲೆ, ಎಲ್ಲರೂ ಇನ್ನೇನೂ ಆಗಲ್ಲ ಅಂದುಕೊಂಡಾಗ ಕುಸಿಯುತ್ತವೆ.

ಮನೆ ಕಟ್ಟಿಸಿದ ಅಜ್ಜ ಅಡತಿ ವ್ಯಾಪಾರ ಮಾಡುತ್ತಿದ್ದರು. ಹತ್ತಿ, ಜೋಳ, ಶೇಂಗಾ. ಮಕ್ಕಳು ಒಬ್ಬೊಬ್ಬರಾಗಿ ವಿದ್ಯಾನಗರ, ಎಂ.ಸಿ.ಸಿ. 'ಬಿ' ಬ್ಲಾಕ್‌ನಂಥ ಬಡಾವಣೆಗಳ ಕಡೆ ಹೋದರು. ಕೊನೆಗೆ ಅಜ್ಜಿ ಒಬ್ಬರೇ ಉಳಿದರು. ಅವರು ತೀರಿಕೊಂಡ ಮೇಲೆ ಬೀಗ ಬಿತ್ತು. ಹಳೇಪೇಟೆಯ ಎಷ್ಟೋ ಮನೆಗಳ ಕಥೆ ಇದೇ, ಅಲ್ವಾ?

ಮೊದಲ ಅರ್ಜಿ, ಎರಡನೇ ಅರ್ಜಿ

ನನ್ನ ಹತ್ತಿರ ಬರುವ ಮೊದಲೇ ಅಕ್ಕ ಪಾಲಿಕೆಗೆ ಒಂದು ಅರ್ಜಿ ಕೊಟ್ಟಿದ್ದರು. ಪಕ್ಕದ ಮನೆಯಿಂದ ನನ್ನ ಗೋಡೆ ಹಾಳಾಗುತ್ತಿದೆ, ನ್ಯಾಯ ಕೊಡಿಸಿ ಅಂತ ಬರೆದಿದ್ದರು. ಇದು ಇಬ್ಬರು ಖಾಸಗಿಯವರ ನಡುವಿನ ವಿಷಯ ಅಂತ ಉತ್ತರ ಬಂದಿತ್ತು. ಆ ಅರ್ಜಿ ಓದಿದ ಯಾರಿಗಾದರೂ ಹಾಗೇ ಅನಿಸುತ್ತದೆ. ನೆರೆಹೊರೆಯ ಗೋಡೆ ಜಗಳವನ್ನು ಸ್ಥಳೀಯ ಸಂಸ್ಥೆ ತೀರ್ಮಾನ ಮಾಡುವುದಿಲ್ಲ, ಅದಕ್ಕೆ ಸಿವಿಲ್ ಕೋರ್ಟ್ ಇದೆ.

ಆದರೆ ಅದೇ ಗೋಡೆ ರಸ್ತೆಗೆ ಬೀಳುವ ಹಾಗಿದ್ದರೆ ಮಾತು ಬೇರೆ. ದಾವಣಗೆರೆಗೆ ಅನ್ವಯಿಸುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ನಗರಸಭೆ ಇರುವ ಊರುಗಳಿಗೆ 1964ರ ಪುರಸಭೆಗಳ ಕಾಯ್ದೆ. ಪಾಲಿಕೆ ಕಾಯ್ದೆಯ ಪ್ರಕಾರ ಕಟ್ಟಡ ಅಪಾಯದ ಸ್ಥಿತಿಯಲ್ಲಿದ್ದರೆ ಮಾಲೀಕರಿಗೋ ಅದರಲ್ಲಿ ಇರುವವರಿಗೋ ನೋಟಿಸ್ ಕೊಟ್ಟು ಬೇಲಿ ಹಾಕಿಸಬಹುದು, ರಿಪೇರಿ ಮಾಡಿಸಬಹುದು, ಅಪಾಯದ ಭಾಗ ಇಳಿಸಲು ಹೇಳಬಹುದು. ಕಾಯಲು ಸಮಯವೇ ಇಲ್ಲ ಅಂದರೆ ಆಯುಕ್ತರು ತಾವೇ ತುರ್ತು ಕ್ರಮ ತೆಗೆದುಕೊಂಡು ಆ ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಬಹುದು.

ಹಾಗಾಗಿ ಎರಡನೇ ಅರ್ಜಿಯಲ್ಲಿ ಅಕ್ಕನ ಗೋಡೆಯ ವಿಷಯವನ್ನು ಕೊನೆಯ ಸಾಲಿಗೆ ಹಾಕಿದೆವು. ಮೊದಲ ಸಾಲಿನಲ್ಲಿ ರಸ್ತೆ, ಶಾಲೆ ಮಕ್ಕಳು, ನಾಲ್ಕು ಇಂಚಿನ ವಾಲು. ಕಂದಾಯದ ರಸೀದಿಯಲ್ಲಿದ್ದ ಸ್ವತ್ತಿನ ಸಂಖ್ಯೆ ಬರೆದೆವು. ತಾರೀಖು ಹಾಕಿದ ಫೋಟೋ ಅಂಟಿಸಿದೆವು. ಗೋಡೆ ಬಿರುಕಿನ ಮೇಲೆ ಮೂರು ಕಡೆ ಗಾಜಿನ ಪಟ್ಟಿ ಕೂರಿಸಿ, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಅದರ ಮೇಲೂ ತಾರೀಖು ಬರೆದೆವು. ಬಿರುಕು ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ. ಬೆಳೆಯದಿದ್ದರೆ ಹಾಗೇ ಇರುತ್ತದೆ. ಹಳೇ ವಿಧಾನ, ಖರ್ಚು ಇಲ್ಲವೇ ಇಲ್ಲ ಅನ್ನಬಹುದು, ಆದರೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಇನ್ನೊಂದಿಲ್ಲ. ಹನ್ನೊಂದನೇ ದಿನಕ್ಕೆ ಒಂದು ಪಟ್ಟಿ ಒಡೆಯಿತು. ಅದರ ಫೋಟೋವನ್ನೂ ಸೇರಿಸಿ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡೆವು.

ಅದೇ ವಾರ ವಾರ್ಡಿನ ಇಂಜಿನಿಯರ್ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಒಡೆದ ಗಾಜನ್ನು ನೋಡಿ ಜಾಸ್ತಿ ಮಾತಾಡಲಿಲ್ಲ. ಮರುದಿನ ಗಲ್ಲಿಯ ಆ ಭಾಗಕ್ಕೆ ಬ್ಯಾರಿಕೇಡ್ ಬಂತು. ಮೂರನೇ ದಿನ ನಾಲ್ಕು ಜನ ಬಂದು ಪ್ಯಾರಾಪೆಟ್ಟನ್ನು ಕೈಯಿಂದಲೇ ಕಲ್ಲು ಕಲ್ಲಾಗಿ ಇಳಿಸಿದರು. ಜೆಸಿಬಿ ತರಲಿಲ್ಲ. ತಂದಿದ್ದರೆ ಅದರ ಅದುರಿಗೆ ಅಕ್ಕನ ಗೋಡೆಯೂ ಹೋಗುತ್ತಿತ್ತು. ಅವರು ಯೋಚನೆ ಮಾಡಿ ಮಾಡಿದ ಆ ಕೆಲಸಕ್ಕೆ ನಾನು ಇವತ್ತಿಗೂ ಋಣಿ.

ರಸ್ತೆಯ ಅಪಾಯ ಅಲ್ಲಿಗೆ ತಪ್ಪಿತು. ಆದರೆ ಒಳಗೆ ಮಾಳಿಗೆ ಹಾಗೇ ಇತ್ತು. ಅದಕ್ಕೆ ನೋಟಿಸ್ ಕೊಡಬೇಕು. ಯಾರಿಗೆ?

ಸತ್ತವರ ಹೆಸರಿಗೆ ನೋಟಿಸ್

ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ದಾವಣಗೆರೆ ಮಹಾನಗರ ಪಾಲಿಕೆ ಆಗಿದ್ದು 2007ರಲ್ಲಿ. ಅದಕ್ಕೂ ಮುಂಚಿನ ನಗರಸಭೆ ಕಾಲದಿಂದ ಅದೇ ಹೆಸರು ಮುಂದುವರಿದುಕೊಂಡು ಬಂದಿದೆ. ವಂಶವೃಕ್ಷ ಮಾಡಿಸಿ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿ ಅಂತ ಯಾರೂ ಅರ್ಜಿ ಹಾಕಿಲ್ಲ. ಹಾಕಿದ್ದರೆ ಅಜ್ಜನ ಆರೂ ಜನ ಮಕ್ಕಳು ಒಂದೇ ಕಾಗದಕ್ಕೆ ಸಹಿ ಮಾಡಬೇಕಿತ್ತು. ಅದೇ ಆಗುತ್ತಿರಲಿಲ್ಲವಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಈ ಮನೆಗೆ ಒಂದು ರೂಪಾಯಿ ಕಂದಾಯ ಬಾಕಿ ಇಲ್ಲ. ಹಿರಿಯ ಮಗ ಪ್ರತಿ ಏಪ್ರಿಲ್‌ನಲ್ಲಿ ಶೇ. 5ರ ರಿಯಾಯಿತಿ ತೆಗೆದುಕೊಂಡು ತಪ್ಪದೆ ಕಟ್ಟುತ್ತಾರೆ. ರಸೀದಿಗಳನ್ನು ಲ್ಯಾಮಿನೇಶನ್ ಮಾಡಿಸಿ ಇಟ್ಟಿದ್ದಾರೆ. ಮನೆ ಮೇಲೆ ತಮ್ಮ ಹಕ್ಕಿಗೆ ಅದು ಆಧಾರ ಅಂತ ಅವರ ನಂಬಿಕೆ. ಖಾತೆಯಾಗಲಿ ಕಂದಾಯದ ರಸೀದಿಯಾಗಲಿ ಮಾಲೀಕತ್ವದ ದಾಖಲೆ ಅಲ್ಲ ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಆದರೂ ಜನ ಕಟ್ಟುತ್ತಾರೆ. ಹೀಗಾಗಿ ದಾಖಲೆ ಪುಸ್ತಕದಲ್ಲಿ ಇದು ಊರಿನ ಅತ್ಯಂತ ಶಿಸ್ತಿನ ಮನೆಗಳಲ್ಲಿ ಒಂದು. ಕಂದಾಯದ ಪಟ್ಟಿ ನೋಡಿ ಪಾಳು ಮನೆ ಹುಡುಕಲು ಹೊರಟರೆ ಇದು ಸಿಗುವುದೇ ಇಲ್ಲ. ಬೆಸ್ಕಾಂ ಮೀಟರಿನಲ್ಲಿ ವರ್ಷಗಟ್ಟಲೆ ಸೊನ್ನೆ ಬಂದ ಮನೆ, ನಲ್ಲಿ ಸಂಪರ್ಕ ಕಡಿದ ಮನೆ, ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ ವಾರ್ಡುವಾರು ಇಂಥ ಒಂದು ಪಟ್ಟಿ ಮಾಡುವುದು ಕಷ್ಟದ ಕೆಲಸ ಅಲ್ಲ ಅಂತ ನನ್ನ ಅಭಿಪ್ರಾಯ.

ಅಜ್ಜನ ಹೆಸರಿನ ನೋಟಿಸನ್ನು ಬಾಗಿಲಿಗೆ ಅಂಟಿಸಿದರು. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಎರಡು ಮಳೆಗೆ ಅಕ್ಷರ ಅಳಿಸಿ ಹೋಯಿತು.

ಈ ನಡುವೆ ಡೆಂಗಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಅಕ್ಕನ ಮನೆ ಮೇಲೆ ಹತ್ತಿ ಆ ಕಡೆ ಬಗ್ಗಿ ನೋಡಿದರು. ಹಿತ್ತಲಲ್ಲಿ ಕಲ್ಲಿನ ಬಾನಿ, ತುಂಬ ಮಳೆ ನೀರು. ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದೂವರೆ ವಾರ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಹುಟ್ಟುವ ಜಾಗಕ್ಕೆ ದಂಡ ಹಾಕುವ ನಿಯಮ ತಂದಿತು. ನಗರದಲ್ಲಿ ಮನೆಗಳಿಗೆ 400 ರೂಪಾಯಿ, ಖಾಲಿ ಜಾಗಗಳಿಗೆ 2,000 ರೂಪಾಯಿ. ದಂಡ ಹಾಕಲೂ ಒಬ್ಬ ಮನುಷ್ಯ ಬೇಕಲ್ಲ. ಆ ದಿನ ಆಕೆ ಅಕ್ಕನ ಮಾಳಿಗೆಯಿಂದಲೇ ಕೋಲಿಗೆ ಬಟ್ಟಲು ಕಟ್ಟಿ ಔಷಧಿ ಹಾಕಿ ಹೋದರು.

ಆರು ಫೋನು

ವಾರಸುದಾರರು ಆರು ಜನ. ನಾಲ್ಕು ಗಂಡು, ಎರಡು ಹೆಣ್ಣು. ಅಕ್ಕನ ಹತ್ತಿರ ಎಲ್ಲರ ನಂಬರೂ ಇತ್ತು. ಚಿಕ್ಕವರಿದ್ದಾಗ ಒಟ್ಟಿಗೆ ಆಡಿದವರು. ಒಂದು ಭಾನುವಾರ ಇಡೀ ದಿನ ಕೂತು ಆರೂ ಜನಕ್ಕೆ ಫೋನ್ ಮಾಡಿದೆವು.

ಹಿರಿಯರು ರಸೀದಿಯ ಮಾತಾಡಿದರು. ಎರಡನೆಯವರು "ಅದು ಕೋರ್ಟಿನಾಗ ಐತ್ರಿ, ಮುಟ್ಟಂಗಿಲ್ಲ" ಅಂದರು. ಮೂರನೆಯವರು ಬೆಂಗಳೂರಿನಲ್ಲಿ ಇದ್ದಾರೆ. ಅವರು ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿದರು: "ಸರ್, ರಿಪೇರಿಗೆ ಅಂತ ಅಣ್ಣನ ಕೈಗೆ ಬೀಗ ಕೊಟ್ರೆ ನಾಳೆ ಮನೆ ತನ್ನದು ಅಂತಾನೆ." ನಾಲ್ಕನೆಯವರಿಗೆ ಬುಲ್ಡೋಜರ್ ಬರುತ್ತದೆ ಅನ್ನುವ ಭಯ. ಅವರಿಗೆ ನಾನು ಸಮಾಧಾನ ಹೇಳಿದೆ. ಅನಧಿಕೃತ ಕಟ್ಟಡ ಕೆಡವುವುದಕ್ಕೂ ಕನಿಷ್ಠ 15 ದಿನದ ನೋಟಿಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದೆ. ನಿಮ್ಮದು ಅನಧಿಕೃತವೂ ಅಲ್ಲ, ಕೆಡವಿ ಅಂತ ಯಾರೂ ಕೇಳುತ್ತಲೂ ಇಲ್ಲ ಅಂದೆ.

ಹಿರಿಯ ಮಗಳು ಮಾತಾಡಲಿಲ್ಲ, ಅತ್ತುಬಿಟ್ಟರು. ಕಿರಿಯ ಮಗಳು ಹರಿಹರದಲ್ಲಿ ಇರುತ್ತಾರೆ. "ನಮ್ಮನ್ನ ಇಷ್ಟ್ ವರ್ಷ ಯಾರೂ ಕೇಳೇ ಇಲ್ಲ" ಅಂದರು.

ಅವರ ಮಾತು ನನಗೆ ನಾಟಿತು. ಇಂಥ ಮನೆಗಳ ವಿಷಯ ಬಂದಾಗ ಊರವರು ಗಂಡು ಮಕ್ಕಳನ್ನಷ್ಟೇ ಹುಡುಕುತ್ತಾರೆ. ತಂದೆಯ ಸ್ವಂತ ದುಡಿಮೆಯ ಆಸ್ತಿಯಾಗಿದ್ದು, ಉಯಿಲು ಬರೆಯದೆ ತೀರಿಕೊಂಡಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳಿಗೆ ಮಗನಷ್ಟೇ ಪಾಲಿದೆ. ಪಿತ್ರಾರ್ಜಿತ ಕೂಡು ಆಸ್ತಿಯಲ್ಲೂ 2005ರ ತಿದ್ದುಪಡಿ ಸಮಪಾಲು ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಅಂದ ಮೇಲೆ ನೋಟಿಸಿನ ಪ್ರತಿ ಅವರಿಗೂ ಹೋಗಬೇಕು. ಈ ಪ್ರಕರಣ ಕದಲಿದ್ದೇ ಆ ಕಿರಿಯ ಮಗಳಿಂದ. "ನಂಗೆ ಬೀಗ ಬ್ಯಾಡ, ಯಾರ್ ಬೇಕಾದ್ರೂ ಇಟ್ಕಳ್ಳಿ. ಅವ್ವ ಇದ್ದ ಮನೆ ಯಾರ್ ಮ್ಯಾಲೂ ಬೀಳಬಾರ್ದು ಅಷ್ಟೇ" ಅಂದರು.

ಅವರ ವಕೀಲರ ಹತ್ತಿರ ಕೋರ್ಟಿನ ಆದೇಶ ತೆಗೆಸಿ ಓದಿದೆವು. ಅದುವರೆಗೆ ಎಲ್ಲರೂ ತಡೆಯಾಜ್ಞೆ ಇದೆ ಅನ್ನುತ್ತಿದ್ದರು, ಯಾರೂ ಓದಿರಲಿಲ್ಲ. ಅದರಲ್ಲಿ ಇದ್ದದ್ದು ಯಥಾಸ್ಥಿತಿ ಕಾಪಾಡಿ ಅಂತ. ಮಾರಬಾರದು, ಪರಭಾರೆ ಮಾಡಬಾರದು, ಹೊಸದಾಗಿ ಕಟ್ಟಬಾರದು. ಬೀಳುವ ಮಾಳಿಗೆಗೆ ಕಂಬ ಕೊಡಬಾರದು ಅಂತ ಎಲ್ಲೂ ಇರಲಿಲ್ಲ. ಆದರೂ ಸುಮ್ನೆ ಹೋಗಿ ಕೈ ಹಾಕುವುದು ಬೇಡ, ಕೋರ್ಟಿಗೆ ಹೇಳಿಯೇ ಮಾಡೋಣ ಅಂದರು ವಕೀಲರು. ಅದು ಸರಿಯಾದ ಮಾತು.

ಅಣ್ಣತಮ್ಮಂದಿರ ಭಯಕ್ಕೂ ಅವರೇ ಉತ್ತರ ಕೊಟ್ಟರು. ಕೂಡು ಆಸ್ತಿಯಲ್ಲಿ ಒಬ್ಬ ಪಾಲುದಾರನ ಸ್ವಾಧೀನ ಎಲ್ಲರ ಪರವಾಗಿ ಇದ್ದ ಹಾಗೆ. ಬೀಗದ ಕೈ ಒಬ್ಬರ ಹತ್ತಿರ ಇದ್ದ ಮಾತ್ರಕ್ಕೆ, ತಗಡು ಹಾಕಿಸಿದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ. 12 ವರ್ಷ ಇದ್ದರೆ ಮನೆ ಅವನದ್ದೇ ಅನ್ನುವ ಮಾತು ಒಡಹುಟ್ಟಿದವರ ನಡುವೆ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಉಳಿದವರನ್ನು ಬಹಿರಂಗವಾಗಿ ಹೊರಗಿಟ್ಟದ್ದು ಸಾಬೀತಾಗಬೇಕು.

ಇದು ಬಾಯಿ ಮಾತಿನಲ್ಲಿ ಉಳಿದಿದ್ದರೆ ಯಾರೂ ನಂಬುತ್ತಿರಲಿಲ್ಲ. ಅದಕ್ಕೆ ಒಂದೇ ಪುಟದ ಕಾಗದ ಮಾಡಿದೆವು. ಈ ಕೆಲಸ ಕಟ್ಟಡ ಬೀಳದ ಹಾಗೆ ನೋಡಿಕೊಳ್ಳಲು ಮಾತ್ರ. ಯಾರು ಖರ್ಚು ಮಾಡಿದರೂ ಯಾರ ಪಾಲೂ ಹೆಚ್ಚುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಖರ್ಚಿನ ಲೆಕ್ಕ ವಿಭಾಗದ ಹೊತ್ತಿಗೆ ಸರಿ ಮಾಡಿಕೊಳ್ಳುವುದು. ಬೀಗದ ಕೈ ಆರು ಜನರಲ್ಲಿ ಯಾರ ಹತ್ತಿರವೂ ಇರುವುದಿಲ್ಲ, ಪಕ್ಕದ ಮನೆಯಲ್ಲಿ ಇರುತ್ತದೆ. ಒಳಗಿನ ಸಾಮಾನಿನ ಪಟ್ಟಿ ಫೋಟೋ ಸಮೇತ ಎಲ್ಲರಿಗೂ ಹೋಗುತ್ತದೆ. ಇಷ್ಟು ಬರೆದ ಮೇಲೆ ಐದು ಜನ ಒಂದೇ ವಾರದಲ್ಲಿ ಸಹಿ ಮಾಡಿದರು. ಹಿರಿಯರು ಇಪ್ಪತ್ತು ದಿನ ತೆಗೆದುಕೊಂಡರು, ಆದರೆ ಮಾಡಿದರು. ವಕೀಲರೆಲ್ಲ ಸೇರಿ ಅದನ್ನು ಜಂಟಿ ಮೆಮೊ, ಅಂದರೆ ಎಲ್ಲರ ಪರವಾಗಿ ಒಂದೇ ಮನವಿ, ಮಾಡಿ ಕೋರ್ಟಿಗೆ ಹಾಕಿದರು. ಕೋರ್ಟ್ ಅನುಮತಿ ಕೊಟ್ಟಿತು.

ಆಗದಿದ್ದರೆ ಅಂತ ಇನ್ನೊಂದು ದಾರಿಯನ್ನೂ ಸಿದ್ಧ ಮಾಡಿಕೊಂಡಿದ್ದೆವು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) 133 ಆಗಿದ್ದದ್ದು. ದಾರಿಹೋಕರ ಮೇಲೋ ಅಕ್ಕಪಕ್ಕದವರ ಮೇಲೋ ಬೀಳುವ ಹಾಗಿರುವ ಕಟ್ಟಡದ ಬಗ್ಗೆ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ನೇರವಾಗಿ ಅರ್ಜಿ ಕೊಡಬಹುದು. ತೆಗೆಸಿ, ರಿಪೇರಿ ಮಾಡಿಸಿ, ಇಲ್ಲ ಆಧಾರ ಕೊಡಿಸಿ ಅಂತ ಅವರು ಆದೇಶ ಮಾಡಬಹುದು. 1980ರ ರತ್ಲಾಮ್ ನಗರಸಭೆ ಪ್ರಕರಣ ಇದೇ 133ನೇ ಕಲಂ ಅಡಿ ಬಂದದ್ದು. ಹಣ ಇಲ್ಲ ಅನ್ನುವ ಕಾರಣ ಕೊಟ್ಟು ಸ್ಥಳೀಯ ಸಂಸ್ಥೆ ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ನಮಗೆ ಅದರ ಅಗತ್ಯ ಬೀಳಲಿಲ್ಲ. ಆದರೆ ವಾರಸುದಾರರು ಒಪ್ಪದೇ ಇರುವ ಕಡೆ ಇದನ್ನು ನೆನಪಿಡಬೇಕು.

ಬೀಗ ತೆಗೆದ ದಿನ

ಬಾಗಿಲು ತೆಗೆದು ಅರ್ಧ ಗಂಟೆ ಹೊರಗೇ ನಿಂತೆವು. ಗಾಳಿ ಆಡಲಿ ಅಂತ. ಪಡಸಾಲೆಯಲ್ಲಿ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇದೆ ಅಂತ ಅಕ್ಕ ಮೊದಲೇ ಎಚ್ಚರಿಸಿದ್ದರು. ಮುಚ್ಚಿದ ಹಗೇವಿನಲ್ಲಿ ಉಸಿರು ಕಟ್ಟುವ ಗಾಳಿ ತುಂಬಿರುತ್ತದೆ, ಇಳಿದವರು ಸತ್ತ ಉದಾಹರಣೆಗಳಿವೆ. ಅದರ ಬಾಯಿಯ ಚಪ್ಪಡಿ ಗಟ್ಟಿ ಇದೆಯಾ ನೋಡಿ, ಸುತ್ತ ಹಗ್ಗ ಕಟ್ಟಿದೆವು.

ಮನೆಯ ಹಿಂದಿನ ಎರಡು ಅಂಕಣ, ಅಂದರೆ ತೊಲೆಯಿಂದ ತೊಲೆಗಿನ ಭಾಗ, ಆಗಲೇ ಕುಸಿದಿತ್ತು. ಆಕಾಶ ಕಾಣುತ್ತಿತ್ತು. ಮುಂದಿನ ಮೂರು ಅಂಕಣ ಉಳಿದಿತ್ತು. ಮೊದಲು ತೊಲೆಗಳ ಕೆಳಗೆ ಕಬ್ಬಿಣದ ಜಾಕಿ ಕಂಬ ಕೊಟ್ಟೆವು. ಆಮೇಲೆ ಹಲಗೆ ಹಾಸಿ ಅದರ ಮೇಲೆ ನಿಂತು ಮಾಳಿಗೆಯ ಮಣ್ಣು ಇಳಿಸಿದೆವು. ಎರಡೂ ಕಡೆಯಿಂದ ಸಮ ಸಮ ಇಳಿಸಬೇಕು, ಒಂದೇ ಕಡೆ ಖಾಲಿ ಮಾಡಿದರೆ ತೊಲೆ ಜಾರುತ್ತದೆ. ಆರು ದಿನ ಹಿಡಿಯಿತು. ಅರಳಿ ಗಿಡವನ್ನು ಕಿತ್ತರೆ ಗೋಡೆಯೂ ಬರುತ್ತದೆ, ಹಾಗಾಗಿ ಬುಡಕ್ಕೆ ಕತ್ತರಿಸಿ, ಕೊಯ್ದ ಜಾಗಕ್ಕೆ ಔಷಧಿ ಹಚ್ಚಿ ಬಿಟ್ಟೆವು. ಮೇಲೆ ತಗಡು. ನೀರು ಜಂಟಿ ಗೋಡೆಯಿಂದ ದೂರ ಹೋಗುವ ಹಾಗೆ ಇಳಿಜಾರು. ಬಾನಿ ಮಗುಚಿ ಹಾಕಿದೆವು.

ಸಾಮಾನಿನ ಪಟ್ಟಿ ಬರೆಯುವಾಗ ಗೂಡಿನಲ್ಲಿ ಅಜ್ಜಿಯ ಕನ್ನಡಕ ಸಿಕ್ಕಿತು. ಪಟ್ಟಿಯಲ್ಲಿ ಅದನ್ನೂ ಬರೆದೆವು. ಆರೂ ಜನ ಇರುವ ಮೊಬೈಲ್ ಗ್ರೂಪಿಗೆ ಫೋಟೋ ಹಾಕಿದ ಮೇಲೆ ಆ ರಾತ್ರಿ ಅವರೆಲ್ಲ ತಮ್ಮತಮ್ಮಲ್ಲಿ ಮಾತಾಡಿದರಂತೆ. ದಾವೆ ವಾಪಸ್ ತೆಗೆಯಲಿಲ್ಲ. ಮಾತಾಡಿದರು, ಅಷ್ಟೇ.

ದಾವೆ ನಡೆಯುತ್ತಿದೆ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಪ್ಯಾರಾಪೆಟ್ ಇಳಿಸಿದ ಖರ್ಚನ್ನು ಪಾಲಿಕೆಗೆ ಕಟ್ಟಿದ್ದಾಯಿತು. ತಗಡು, ಕೂಲಿಯ ಖರ್ಚಿನಲ್ಲಿ ಎರಡು ಪಾಲು ಬರಬೇಕು. ಅಕ್ಕನ ಗೋಡೆ ಒಣಗಿದೆ, ಹೊಸ ಗಾರೆ ಮಾಡಿಸಿದ್ದಾರೆ. ಬೀಗದ ಕೈ ಅವರ ಗುಂಡಿ ಡಬ್ಬಿಯಲ್ಲಿದೆ.

ಹೋದ ವಾರ ಗಾಜಿನ ಪಟ್ಟಿಗಳನ್ನು ನೋಡಿ ಬಂದೆ. ಒಡೆದ ಜಾಗಕ್ಕೆ ಹೊಸದು ಹಾಕಿದ್ದೆವಲ್ಲ, ಅದು ಹಾಗೇ ಇದೆ. ಮುಂಗೋಡೆಯದ್ದೂ ಹಾಗೇ ಇದೆ. ಹಿಂದಿನ ಮೂಲೆಯದ್ದು ಮಾತ್ರ ಸೀಳಿದೆ. ಆ ಮೂಲೆಗೆ ಇನ್ನೊಂದು ಕಂಬ ಬೇಕು, ಮಳೆ ಹಿಡಿಯುವುದರೊಳಗೆ. ಆರು ಜನಕ್ಕೂ ಮೆಸೇಜ್ ಹಾಕಿದ್ದೇನೆ. ನಾಲ್ವರು ಸರಿ ಅಂದಿದ್ದಾರೆ.